ಬದನೆ ಸಸಿಗೆ ಗಂಜಿ ನೂಲಿನ ಕಾವಲು

ನಾನು ಚಿಕ್ಕವಳಿದ್ದಾಗ ಎಂದು ಬಾಯಿ ತೆರೆದರೆ ಸಾಕು, ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಗುತ್ತೀರಿ. ನಗಿ, ನಗಿ. ಅಜ್ಜಿಯರೆಲ್ಲ ಹುಟ್ಟುವಾಗಲೇ ಕನ್ನಡಕ ಹಾಕಿಕೊಂಡು ಹುಟ್ಟಿದರು ಎಂದುಕೊಂಡಿರಾ? ನನಗೂ ಒಂಬತ್ತು ವರ್ಷ ವಯಸ್ಸಾಗಿತ್ತು. ಎರಡು ಜಡೆ ಹಾಕಿಕೊಳ್ಳುತ್ತಿದ್ದೆ, ಬೇಲಿ ಹಾರುತ್ತಿದ್ದೆ, ಬೇಕಾದಾಗ ಸುಳ್ಳೂ ಹೇಳುತ್ತಿದ್ದೆ. ಆದರೆ ಇವತ್ತು ಹೇಳುವುದರಲ್ಲಿ ಒಂದು ಎಳೆಯಷ್ಟೂ ಸುಳ್ಳಿಲ್ಲ.

ನಮ್ಮ ಮನೆ ಇದ್ದದ್ದು ವೆಳ್ಳಕೋಯಿಲ್ ಪಕ್ಕದ ಒಂದು ಊರಿನ ನೇಕಾರರ ಬೀದಿಯಲ್ಲಿ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮಗ್ಗದ ಸದ್ದು. ನಮ್ಮ ಮನೆಯ ಮುಂದಿನ ಕೋಣೆಯಲ್ಲೂ ಎರಡು ಮಗ್ಗಗಳಿದ್ದವು, ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅಕ್ಕ. ಊರಾಚೆ ನಮಗೊಂದು ಬಾವಿ, ಬಾವಿಯ ಸುತ್ತ ಒಂದಿಷ್ಟು ಕೆಂಪು ನೆಲ. ಅಪ್ಪ ನೇಯುತ್ತಲೇ ಕಿವಿಯನ್ನು ಹೊರಗಿಟ್ಟಿರುತ್ತಿದ್ದ. ಯಾರಾದರೂ "ಕರೆಂಟ್ ಬಂತು!" ಎಂದು ಕೂಗಿದರೆ ಮಗ್ಗದಿಂದ ಎದ್ದು ಮೋಟಾರ್ ಹಾಕಲು ಓಡುತ್ತಿದ್ದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಗುಬ್ಬಿಗಳನ್ನು ಬೈಯುವಾಗ ಎರಡೂ ಮಾತಾಡುತ್ತಿದ್ದೆವು.

ಮಗ್ಗ ಅಪ್ಪನದಾದರೆ ತೋಟ ಅಜ್ಜಿಯದು. ಅಲ್ಲಿ ಅವಳನ್ನು ಕೇಳದೆ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಅವಳ ಪ್ರಾಣ ಇದ್ದದ್ದು ಬದನೆ ಗಿಡದ ಮೇಲೆ. ಗುಂಡನೆಯ ಕಾಯಿ, ನೇರಳೆ ಮೈ, ಅದರ ಮೇಲೆ ಬಿಳಿ ಗೀರು, ತೊಟ್ಟಿನ ತುಂಬ ಮುಳ್ಳು. ಕೀಳುವಾಗ ಬೆರಳಿಗೆ ಚುಚ್ಚಿ ಅಳಿಸುತ್ತಿತ್ತು, ಎಣ್ಣೆಯಲ್ಲಿ ಬಾಡಿಸಿ ಹುಣಸೆಹುಳಿ ಬಿಟ್ಟರೆ ಬಾಯಲ್ಲಿಟ್ಟ ಕೂಡಲೇ ಕರಗುತ್ತಿತ್ತು. ಆ ಬೀಜವನ್ನು ಅಜ್ಜಿ ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತವರಿನಿಂದ ತಂದಿದ್ದಳಂತೆ. ಪ್ರತಿ ವರ್ಷ ಒಳ್ಳೆಯ ಕಾಯಿಗಳನ್ನು ಗಿಡದಲ್ಲೇ ಹಳದಿಯಾಗುವವರೆಗೆ ಬಿಟ್ಟು, ಬೀಜ ತೆಗೆದು ತೊಳೆದು, ಬೂದಿ ಬೆರೆಸಿ, ಸಗಣಿಯಲ್ಲಿ ಒತ್ತಿ, ಬೆರಣಿಯ ಹಾಗೆ ಹಿತ್ತಿಲ ಗೋಡೆಗೆ ತಟ್ಟಿಬಿಡುತ್ತಿದ್ದಳು. ಬಿತ್ತುವ ಕಾಲ ಬಂದಾಗ ಗೋಡೆಯಿಂದ ಕಿತ್ತು ಪುಡಿ ಮಾಡಿದರೆ ಬೀಜ ಉದುರುತ್ತಿತ್ತು.

ನಾನು ಹೇಳುವ ಬೇಸಿಗೆಗೆ ಹಿಂದಿನ ಮಳೆಗಾಲದಲ್ಲಿ ಸೂರು ಸೋರಿ ಗೋಡೆ ನೆನೆದುಹೋಯಿತು. ನಾಲ್ಕು ಬೆರಣಿಗಳಲ್ಲಿ ಮೂರು ಬೂಷ್ಟು ಹಿಡಿದು ಹಾಳಾದವು. ಉಳಿದ ಒಂದನ್ನೇ ಅಜ್ಜಿ ಬೇಸಿಗೆ ರಜೆಯಲ್ಲಿ ಬಾವಿಯ ಪಕ್ಕದ ಪಾತಿಯಲ್ಲಿ ಬಿತ್ತಿದಳು. ಹಗ್ಗದ ಮಂಚದಷ್ಟೇ ಅಗಲದ ಪಾತಿ. ತಳದಲ್ಲಿ ತೂತಿದ್ದ ಹಳೆಯ ಡಬ್ಬದಿಂದ ದಿನಾ ಎರಡು ಹೊತ್ತು ನೀರು ಚಿಮುಕಿಸಿದಳು. ಎಂಟನೆಯ ದಿನ ಮಣ್ಣಿನ ಮೇಲೆ ಹಸಿರು ಚುಕ್ಕಿಗಳು ಎದ್ದವು. ಮರುದಿನವೇ ಗುಬ್ಬಿಗಳೂ ಬಂದವು. ಎಳೆ ಎಲೆಯನ್ನು ಕೊಕ್ಕಿನಿಂದ ಚಿವುಟಿ, ಅತ್ತ ಇತ್ತ ನೋಡಿ, ಇನ್ನೊಂದನ್ನು ಚಿವುಟುತ್ತಿದ್ದವು.

ಅಜ್ಜಿ ನನ್ನನ್ನು ಪಾತಿಯ ಪಕ್ಕ ಕೂರಿಸಿದಳು. ಅಪ್ಪ, ಅಮ್ಮ, ಅಕ್ಕ ಎಲ್ಲರಿಗೂ ಮಗ್ಗದ ಕೆಲಸ. ರಜೆಯಲ್ಲಿ ಕೈ ಬೀಸಿಕೊಂಡು ತಿರುಗುತ್ತಿದ್ದವಳು ನಾನೊಬ್ಬಳೇ. "ಕಣ್ಣು, ಈ ನಾತು ನಿನ್ ಕೈಲಿ ಕೊಟ್ಟಿದ್ದೀನಿ" ಎಂದಳು. ಸಸಿಗೆ ನಮ್ಮ ಕಡೆ ನಾತು, ಮುದ್ದಿನ ಮಕ್ಕಳಿಗೆ ಕಣ್ಣು ಎನ್ನುವುದು. "ಇದೂ ಹೋದ್ರೆ ತಿರ್ಗ ಯಾರ್ ಹತ್ರ ಹೋಗಿ ಕೇಳ್ಲಿ ಹೇಳು? ನನ್ನ ತವರಲ್ಲೇ ಈಗ ಈ ಬದನೆ ಇಲ್ಲ." ಹೇಳುವಾಗ ಅವಳ ಕಣ್ಣಲ್ಲಿ ನೀರು ಆಡಿತು. ನನಗೆ ಹೆಮ್ಮೆಯಾಯಿತು. ನೂರು ಗುಬ್ಬಿ ಬರಲಿ, ಒಂದು ಕೈ ನೋಡಿಕೊಳ್ಳುತ್ತೇನೆ ಎಂದು ಡಬ್ಬ, ಕೋಲು ಹಿಡಿದು ಕೂತೆ.

ಹೆಮ್ಮೆ ಮೂರು ದಿನ ಇತ್ತು. ನಾಲ್ಕನೆಯ ದಿನಕ್ಕೆ ನನ್ನ ಹೊಟ್ಟೆ ಉರಿಯತೊಡಗಿತು. ಕಾರಣ ಬಾವಿ. ಪಾತಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬೀದಿಯ ಮಕ್ಕಳೆಲ್ಲ ಧುಮುಧುಮು ಹಾರುತ್ತಿದ್ದರು. ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿಯುವುದು ನಮ್ಮ ಪದ್ಧತಿ. ಬುರುಡೆ ಮುಳುಗಗೊಡುವುದಿಲ್ಲ. ಆ ರಜೆಯಲ್ಲಿ ನನಗೆ ಈಜು ಕಲಿಸುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಳು, ಆದರೆ ಅವಳಿಗೆ ಮಗ್ಗ ಬಿಡುವು ಕೊಡುತ್ತಿರಲಿಲ್ಲ. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು: "ನಾಳೆ ಪಾವು ಹಾಕ್ತಾರೆ. ಅದು ಒಣಗಿ ಮಗ್ಗಕ್ಕೆ ಏರೋವರ್ಗೂ ನಂಗೆ ಕೆಲ್ಸ ಇಲ್ಲ. ಬಾವಿಗೆ ಹೋಗೋಣ." ಆ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ.

ಪಾವು ಹಾಕುವುದೆಂದರೇನು ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಬುದ್ಧಿವಂತಿಕೆ ನಿಮಗೆ ಅರ್ಥವಾಗುವುದಿಲ್ಲ. ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿಗೆ ಪಾವು ಎನ್ನುತ್ತಿದ್ದೆವು. ಬೆಳಕು ಹರಿಯುವ ಮೊದಲೇ ಅದನ್ನು ಬೀದಿಯುದ್ದಕ್ಕೂ ಕವೆಕೋಲುಗಳ ಮೇಲೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಅಮ್ಮ ದೊಡ್ಡ ಮಡಕೆಯಲ್ಲಿ ಅಕ್ಕಿ ಗಂಜಿ ಕಾಯಿಸಿ, ಸ್ವಲ್ಪ ಎಳ್ಳೆಣ್ಣೆ ಬೆರೆಸುತ್ತಿದ್ದಳು. ಆ ಗಂಜಿಯನ್ನು ನೂಲಿಗೆ ಸವರಿ, ದೊಡ್ಡ ಬ್ರಷ್‌ನಿಂದ ಬಾಚಬೇಕು. ಬೀದಿಯ ಹೆಂಗಸರು ಗಂಡಸರು ಎಲ್ಲರೂ ಕೈ ಹಾಕುತ್ತಿದ್ದರು, ಇವತ್ತು ನಮ್ಮದು, ನಾಳೆ ಪಕ್ಕದ ಮನೆಯವರದು. ಬಿಸಿಲೇರುವಷ್ಟರಲ್ಲಿ ಜೋಲುತ್ತಿದ್ದ ನೂಲು ಬಿರುಸಾಗಿ, ಬೆರಳಿನಿಂದ ಮೀಟಿದರೆ ಟಿಣ್ ಎನ್ನುವಂತಾಗುತ್ತಿತ್ತು. ಬೀದಿಯೆಲ್ಲ ಹುಳಿಗಂಜಿಯ ಮತ್ತು ಎಳ್ಳೆಣ್ಣೆಯ ವಾಸನೆ.

ಅವತ್ತು ಬೆಳಿಗ್ಗೆ ಪಾವು ಮುಗಿದಾಗ ನನ್ನ ತಲೆಯಲ್ಲಿ ಒಂದೇ ಯೋಚನೆ. ನಾನು ಬಾವಿಯಲ್ಲಿದ್ದರೆ ಪಾತಿ ಕಾಯುವವರು ಯಾರು? ಪಾತಿಯ ಮೇಲೆ ನೂಲು ಎಳೆದು ಕಟ್ಟಿದರೆ ಗುಬ್ಬಿ ಇಳಿಯುವುದಿಲ್ಲ ಎಂದು ಅಪ್ಪ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ರೆಕ್ಕೆಗೆ ನೂಲು ತಾಗಿದರೆ ಅವಕ್ಕೆ ಭಯವಂತೆ. ನೇಕಾರರ ಮನೆಯಲ್ಲಿ ನೂಲಿಗೇನು ಬರ? ಮಗ್ಗದ ಕೆಳಗಿನ ಬುಟ್ಟಿಯಿಂದ ತುಂಡು ನೂಲನ್ನೆಲ್ಲ ಲಂಗದಲ್ಲಿ ತುಂಬಿಕೊಂಡೆ, ತೋಟಕ್ಕೆ ಓಡಿದೆ, ಕಡ್ಡಿ ನೆಟ್ಟು ಉದ್ದಕ್ಕೂ ಅಡ್ಡಕ್ಕೂ ಕಟ್ಟಿದೆ. ಆದರೆ ನೂಲು ಮೆತ್ತಗೆ ಜೋತುಬಿದ್ದು ಸಸಿಯ ಮೇಲೇ ಮಲಗಿತು. ಏನು ಮಾಡುವುದು ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಜೋಲುವ ನೂಲಿಗೆ ಏನು ಮಾಡಬೇಕು? ನಮ್ಮ ಬೀದಿಯಲ್ಲಿ ಹಾಲು ಕುಡಿಯುವ ಮಗುವಿಗೂ ಅದು ಗೊತ್ತು. ಗಂಜಿ ಹಾಕಬೇಕು!

ಮನೆಗೆ ಓಡಿ, ಮಡಕೆಯ ತಳದಲ್ಲಿ ಉಳಿದಿದ್ದ ಗಂಜಿಯನ್ನು ಹೊತ್ತು ತಂದೆ. ತಳದ ಗಂಜಿ, ಅಂಟಂಟಾಗಿ ಗಟ್ಟಿಯಾಗಿತ್ತು. ಕಟ್ಟಿದ ನೂಲಿಗೆಲ್ಲ ಕೈಯಾರೆ ಸವರಿ ಬಿಗಿದೆ. ಒಂದು ಸಲ ಸಾಲದೆಂದು ಎರಡು ಸಲ ಸವರಿದೆ. ಅಪ್ಪನಿಗಿಂತ ಚೆನ್ನಾಗಿ ಮಾಡಿದೆ ಎಂದು ನನಗೇ ಅನ್ನಿಸಿತು. ಮೇ ತಿಂಗಳ ಬಿಸಿಲು, ಕ್ಷಣದಲ್ಲಿ ಒಣಗಿ ನೂಲೆಲ್ಲ ತಂತಿಯ ಹಾಗೆ ನಿಂತಿತು. ಅಷ್ಟರಲ್ಲಿ ಅಕ್ಕ ಸೋರೆಬುರುಡೆ ಹಿಡಿದು ಬಂದಳು. ದೂರದಿಂದಲೇ ಪಾತಿಯನ್ನು ನೋಡಿ "ಅಡಡಾ! ನೂಲು ಕಟ್ಟಿದ್ದೀಯಾ? ಪರ್ವಾಗಿಲ್ವೇ ನೀನು!" ಎಂದಳು. ನಾನು ಗಂಜಿಯ ಸುದ್ದಿ ಎತ್ತಲಿಲ್ಲ. ಗುಟ್ಟು ಗುಟ್ಟಾಗಿಯೇ ಇರಲಿ ಎಂದುಕೊಂಡೆ.

ಬಾವಿಯ ಸುಖವನ್ನು ಹೇಗೆ ಹೇಳಲಿ! ಗೋಡೆಯಿಂದ ಚಾಚಿದ್ದ ಕಲ್ಲುಮೆಟ್ಟಿಲುಗಳನ್ನು ಇಳಿಯುತ್ತಾ ಹೋದಂತೆ ಸೆಕೆಯೆಲ್ಲ ಮೇಲೆಯೇ ಉಳಿದುಬಿಡುತ್ತಿತ್ತು. ಕೆಳಗೆ ಪಾಚಿಯ ವಾಸನೆ, ಹಸಿರು ನೀರು, ಮೇಲೆ ತಟ್ಟೆಯಷ್ಟು ಆಕಾಶ. ಅಕ್ಕ ಬುರುಡೆ ಕಟ್ಟಿ, "ಬಾಯಿ ಮುಚ್ಕೋ" ಎಂದು ಒಂದೇ ತಳ್ಳು ತಳ್ಳಿದಳು. ಮೂಗಿನಲ್ಲಿ ನೀರು, ಕಿವಿಯಲ್ಲಿ ನೀರು, "ಸತ್ತೆ! ಸತ್ತೆ!" ಎಂದು ಕಿರುಚಿದೆ. "ಸತ್ತೋರು ಹಿಂಗೆ ಕಿರುಚಲ್ಲ ಕಣೇ, ಕಾಲು ಬಡಿ!" ಎಂದು ಅಕ್ಕ ನಕ್ಕಳು. ಬಡಿದೆ. ನಾಲ್ಕಾರು ಸಲ ಮುಳುಗಿ ಎದ್ದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಾನೇ ಹೋಗಿ ಮುಟ್ಟಿದೆ. ನನ್ನ ಕೂಗು ಬಾವಿಯೆಲ್ಲ ಸುತ್ತಿ ನನಗೇ ವಾಪಸು ಬಂತು. ನಡುವೆ ಮೇಲಿನಿಂದ ಗುಬ್ಬಿಗಳ ಚಿಲಿಪಿಲಿ ಜೋರಾಗಿ ಕೇಳಿಸಿತು. ಇಳಿಯಲಾಗದೆ ಅಳುತ್ತಿವೆ, ಅಳಲಿ ಎಂದುಕೊಂಡು ಇನ್ನೊಂದು ಸುತ್ತು ಈಜಿದೆ.

ನೀರು ಸುರಿಸುತ್ತಾ ಮೇಲೆ ಬಂದು ನೋಡುತ್ತೇನೆ, ಪಾತಿಯ ತುಂಬ ಗುಬ್ಬಿ! ಅಷ್ಟೊಂದು ಗುಬ್ಬಿಗಳನ್ನು ನಾನು ಒಂದೇ ಕಡೆ ಕಂಡದ್ದು ಅವತ್ತೇ ಮೊದಲು. ಕೆಲವು ಕಡ್ಡಿಯ ಮೇಲೆ ಕೂತು ನೂಲಿನ ಗಂಜಿ ಕುಕ್ಕುತ್ತಿದ್ದವು. ಒಣಗಿದ ಗಂಜಿ ಚಕ್ಕೆ ಚಕ್ಕೆಯಾಗಿ ಸಸಿಗಳ ನಡುವೆ ಉದುರಿತ್ತು. ಉಳಿದವು ಅದನ್ನು ಹೆಕ್ಕಲು ಕೆಳಗಿಳಿದು ಕುಪ್ಪಳಿಸುತ್ತಿದ್ದವು, ಬಾಯಿ ರುಚಿಗೆ ಎಲೆಯನ್ನೂ ಚಿವುಟುತ್ತಿದ್ದವು. ಸಾಲದ್ದಕ್ಕೆ ನೂಲಿನ ಮೇಲೆ ಕೆಂಪಿರುವೆಗಳ ಮೆರವಣಿಗೆ. ನಾನು ಡಬ್ಬ ಬಡಿಯುವುದನ್ನೂ ಮರೆತು "ಅಯ್ಯಯ್ಯೋ!" ಎಂದು ಓಡಿದೆ. ಗುಬ್ಬಿಗಳು ಭರ್ರನೆ ಎದ್ದು ಬೇಲಿಯ ಮೇಲೆ ಕೂತವು. ಪಾತಿಯ ಅರ್ಧ ಭಾಗ ಬರಿ ಮಣ್ಣಾಗಿತ್ತು.

ಅದೇ ಹೊತ್ತಿಗೆ ಅಜ್ಜಿ ತಲೆಯ ಮೇಲೆ ಊಟದ ಬುಟ್ಟಿ ಹೊತ್ತು, ಅಪ್ಪನ ಜೊತೆ ಬರಬೇಕೇ! ಬುಟ್ಟಿ ಇಳಿಸಿ ಪಾತಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಒಂದು ಮಾತೂ ಬೈಯಲಿಲ್ಲ. ಉಳಿದ ಸಸಿಗಳನ್ನು ಬೆರಳಿಟ್ಟು ಎಣಿಸತೊಡಗಿದಳು. ಮಾತೆಲ್ಲ ಕನ್ನಡವಾದರೂ ಎಣಿಕೆ ಮಾತ್ರ ಅವಳಿಗೆ ತಮಿಳಿನಲ್ಲೇ. ಅವಳ ತುಟಿ ಅಲುಗುವುದನ್ನು ನೋಡುತ್ತಾ ನಾನು ಅಲ್ಲೇ ಅಳಲು ಶುರು ಮಾಡಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಎಣಿಸಿ ಮುಗಿಸಿ, ನೂಲನ್ನು ಮುಟ್ಟಿದಳು, ಉಜ್ಜಿದಳು, ಬೆರಳನ್ನು ನಾಲಗೆಗೆ ತಾಗಿಸಿದಳು.

"ಏನೇ ಇದು? ಗಂಜಿ!"

"ನೂಲು ಜೋಲ್ತಿತ್ತು ಅಜ್ಜಿ… ಅದ್ಕೇ…" ಎಂದೆ ಬಿಕ್ಕುತ್ತಾ.

"ಅಯ್ಯೋ ಲೂಸೇ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕೂತುಬಿಟ್ಟ. "ಅಮ್ಮಾ, ನಿನ್ ಮೊಮ್ಮಗ್ಳು ಬದನೆಗೆ ಪಾವು ಹಾಕಿದ್ದಾಳೆ. ಇನ್ನು ಸೀರೆ ನೇಯೋದೊಂದೇ ಬಾಕಿ!"

"ನಗ್ಬೇಡ ನೀನು" ಎಂದಳು ಅಜ್ಜಿ. "ನೂಲು ನಿಂದು, ಗಂಜಿ ನಿಂದು, ಅವಳ್ಗೆ ಬಂದಿರೋ ಬುದ್ಧೀನೂ ನಿಂದೇ. ನಾತು ಮಾತ್ರ ನಂದು." ಅಪ್ಪನ ನಗು ಅಲ್ಲೇ ನಿಂತಿತು. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಈಜು ಕಲಿತ ಖುಷಿಯೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಕಣ್ಣೊರೆಸಿಕೊಂಡು ಬೇಲಿಯ ಕಡೆ ನೋಡಿದೆ. ಗುಬ್ಬಿಗಳು ಎಲ್ಲಿಗೂ ಹೋಗಿರಲಿಲ್ಲ. ಸಾಲಾಗಿ ಕೂತು ಕತ್ತು ಕೊಂಕಿಸಿ ನಮ್ಮನ್ನೇ ನೋಡುತ್ತಿದ್ದವು. ನಾನು ಸಿಟ್ಟಿನಿಂದ ಒಂದು ನೂಲನ್ನು ಕಿತ್ತು ದೂರ ಎಸೆದೆ. ಅದು ಬಿದ್ದದ್ದೇ ತಡ, ಎರಡು ಗುಬ್ಬಿಗಳು ಅಲ್ಲಿಗೆ ಹಾರಿ ಕುಕ್ಕತೊಡಗಿದವು. ಇನ್ನೊಂದನ್ನು ಎಸೆದೆ. ಇನ್ನೂ ಮೂರು ಹೋದವು. ನನಗೆ ಥಟ್ಟನೆ ಹೊಳೆಯಿತು.

"ಅಜ್ಜೀ, ಅವಕ್ಕೆ ಬೇಕಾಗಿರೋದು ನಿನ್ ಬದನೆ ಅಲ್ಲ, ಗಂಜಿ! ಗಂಜೀನ ಆ ಕಡೆ ಇಟ್ಬಿಟ್ರೆ?"

"ಕಳ್ಳನ್ಗೆ ಊಟ ಹಾಕಿ ಕಾವಲು ಕಾಯೋದಾ? ಒಳ್ಳೇ ಕಥೆ!" ಎಂದು ಅಜ್ಜಿ ಗೊಣಗಿದಳು. ಆದರೆ ಬೇಡ ಅನ್ನಲಿಲ್ಲ.

ಆಮೇಲೆ ನೋಡಬೇಕಿತ್ತು ನಮ್ಮ ಗಡಿಬಿಡಿ. ತೋಟದ ಆ ಮೂಲೆಯಲ್ಲಿ ಒಂದು ಜಾಲಿ ಮರವಿತ್ತು. ಗಂಜಿ ನೂಲನ್ನೆಲ್ಲ ಬಿಚ್ಚಿ ಅಲ್ಲಿಗೆ ಸಾಗಿಸಬೇಕು. ನೂಲಿನ ಜೊತೆ ಇರುವೆಗಳೂ ಬಂದವು. ಮೊಣಕೈಗೆ, ಕುತ್ತಿಗೆಗೆ, ಎಲ್ಲೆಂದರಲ್ಲಿ ಕಚ್ಚಿದವು. ನಾನೂ ಅಪ್ಪನೂ ಕುಣಿಯುತ್ತಾ, ಕೆರೆಯುತ್ತಾ, ಓಡುತ್ತಾ ಮರದ ಕೆಳಗಿನ ಕೊಂಬೆಗಳಿಗೆಲ್ಲ ನೂಲು ಸುತ್ತಿದೆವು. ಮಡಕೆಯಲ್ಲಿ ಮಿಕ್ಕಿದ್ದ ಗಂಜಿಯನ್ನೂ ಒಂದು ಚಪ್ಪಟೆ ಕಲ್ಲಿನ ಮೇಲೆ ಸುರಿದೆ. ಅಜ್ಜಿ ಪಾತಿಯಲ್ಲಿ ಬಿದ್ದಿದ್ದ ಚಕ್ಕೆಗಳನ್ನು ಒಂದೂ ಬಿಡದೆ ಆರಿಸಿದಳು. ಇತ್ತ ಅಕ್ಕ ಗಂಜಿ ಕಾಣದ ಹೊಸ ನೂಲು ತಂದು, ನಾಲ್ಕು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದು ಹುರಿ ಮಾಡಿದಳು. ಹುರಿ ಮಾಡಿದರೆ ಗಂಜಿ ಇಲ್ಲದೆಯೂ ಬಿಗಿಯಾಗಿ ನಿಲ್ಲುತ್ತದೆ. ಅದಕ್ಕೆ ಅಜ್ಜಿ ಬೇವಿನ ಹಿಂಡಿಯ ನೀರು ಸವರಿದಳು, ಅದರ ವಾಸನೆಗೆ ಇರುವೆಯೂ ಮೂಗು ಮುಚ್ಚಿಕೊಳ್ಳಬೇಕು.

ಎಲ್ಲ ಕಟ್ಟಿ ಮುಗಿಸಿ ತೆಂಗಿನ ಮರದ ನೆರಳಿಗೆ ಬಂದು ಊಟಕ್ಕೆ ಕೂತೆವು. ಕಂಬು, ಅಂದರೆ ಸಜ್ಜೆಯ ಮುದ್ದೆ, ಮಜ್ಜಿಗೆ, ಹಸಿ ಈರುಳ್ಳಿ. ಅಜ್ಜಿ ತುತ್ತನ್ನು ಕೈಯಲ್ಲೇ ಹಿಡಿದು ಪಾತಿಯ ಕಡೆ ನೋಡುತ್ತಿದ್ದಳು. ಒಂದು ಗುಬ್ಬಿ ಬೇಲಿಯಿಂದ ಎದ್ದು ನೇರ ಪಾತಿಯ ಮೇಲೆ ಬಂತು. ಅದು ಹುರಿಯ ಮೇಲೆ ಇಳಿಯಲು ನೋಡಿತು, ರೆಕ್ಕೆ ತಾಗಿತು, ಬೆದರಿ ಮೇಲೆದ್ದಿತು, ಒಂದು ಸುತ್ತು ಹೊಡೆದು ಜಾಲಿ ಮರಕ್ಕೆ ಹೋಯಿತು. ಹೋದದ್ದು ಸುಮ್ಮನಿರಲಿಲ್ಲ, ಚಿಂವ್ ಚಿಂವ್ ಎಂದು ಊರಿಗೆಲ್ಲ ಡಂಗುರ ಸಾರಿತು. ಇನ್ನೊಂದು ಹೋಯಿತು, ನಾಲ್ಕು ಹೋದವು, ಆಮೇಲೆ ಬೇಲಿಯೇ ಖಾಲಿ. ಜಾಲಿ ಮರ ಗಲಗಲ ಎನ್ನತೊಡಗಿತು.

"ತಿನ್ನಿ, ತಿನ್ನಿ, ಹೊಟ್ಟೆ ಬಿರಿಯೋ ಹಾಗೆ ತಿನ್ನಿ" ಎಂದು ಅಜ್ಜಿ ಕೊನೆಗೂ ತುತ್ತನ್ನು ಬಾಯಿಗಿಟ್ಟಳು. ಅಗಿಯುತ್ತಾ ಅಗಿಯುತ್ತಾ ಅವಳ ಭುಜ ಕುಲುಕಿತು. ನಗುತ್ತಿದ್ದಳು! "ಬದನೆಗೆ ಪಾವು ಹಾಕಿದ್ದಾಳಂತೆ ಪಾವು" ಎಂದು ಹೇಳಿ ಹೇಳಿ ನಕ್ಕಳು, ಮಜ್ಜಿಗೆ ನೆತ್ತಿಗೇರಿ ಕೆಮ್ಮಿದಳು, ಮತ್ತೆ ನಕ್ಕಳು. ಅಪ್ಪನಿಗೂ ಹೋಗಿದ್ದ ನಗು ವಾಪಸು ಬಂತು. ಅಜ್ಜಿ ತನ್ನ ಎಡಗೈಯಿಂದ ನನ್ನ ಒದ್ದೆ ತಲೆಯನ್ನು ಹತ್ತಿರ ಎಳೆದುಕೊಂಡಳು. ಅಬ್ಬಾ, ಆಗ ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ದಿನಾ ಬೆಳಿಗ್ಗೆ ಬೀದಿಯಲ್ಲಿ ಯಾರ ಮನೆಯ ಪಾವು ಇದ್ದರೂ ಮಡಕೆಯ ತಳ ಕೆರೆದು ಜಾಲಿ ಮರಕ್ಕೆ ಒಯ್ಯುವುದು ನನ್ನ ಕೆಲಸವಾಯಿತು. ಅದು ಮುಗಿದ ಮೇಲೆ ಬಾವಿ. ಮೂವತ್ತೇಳು ಸಸಿಗಳು ಉಳಿದುಕೊಂಡವು. ಎತ್ತಿ ನೆಟ್ಟೆವು, ಒಂದೂ ಸಾಯಲಿಲ್ಲ. ಮೊದಲ ಕಾಯಿಯ ಗೊಜ್ಜನ್ನು ಅಜ್ಜಿ ನನ್ನ ತಟ್ಟೆಗೇ ಮೊದಲು ಬಡಿಸಿದಳು. ಆ ವರ್ಷ ಬೀಜದ ಬೆರಣಿಗಳನ್ನು ತಟ್ಟಿದ್ದೂ ನಾನೇ. ಗೋಡೆಯ ಮೇಲೆ ಒಂಬತ್ತು ವರ್ಷದ ಹುಡುಗಿಯ ಬೆರಳಿನ ಗುರುತು ಬಹಳ ದಿನ ಇತ್ತು.

ನೀವು ಹುಟ್ಟಿದ್ದು ತಿರುಪ್ಪೂರಿನಲ್ಲಿ, ಬನಿಯನ್ ಕಾರ್ಖಾನೆಗಳ ನಡುವೆ, ಮೂರನೆಯ ಮಹಡಿಯಲ್ಲಿ. ಈಗ ತೋಟ ನೋಡಿಕೊಳ್ಳುವವನು ಆ ಬೇಸಿಗೆಯಲ್ಲಿ ಇನ್ನೂ ಹುಟ್ಟದಿದ್ದ ನನ್ನ ತಮ್ಮ. ಅವನು ಟೊಮೆಟೊ, ಮೆಣಸಿನ ಸಸಿಗಳನ್ನು ಕಪ್ಪು ತಟ್ಟೆಗಳಲ್ಲಿ ಕೊಂಡು ತರುತ್ತಾನೆ. ಹಸಿರು ಬಲೆಯ ಚಪ್ಪರದೊಳಗೆ ಬೆಳೆದ ಸಸಿಗಳು, ಹಕ್ಕಿಯ ನೆರಳೂ ಬಿದ್ದಿರುವುದಿಲ್ಲ. ಇಲ್ಲಿಯ ಹಾಗೆ ಅಲ್ಲಿಗೂ ಈಗ ಗುಬ್ಬಿ ಬರುವುದು ಅಪರೂಪ, ಈಗ ಅವನ ಗೋಳೇನಿದ್ದರೂ ನವಿಲುಗಳದು. ಆದರೆ ಬದನೆ ಮಾತ್ರ ಅಜ್ಜಿಯದೇ. ಅದರ ಒಂದು ಚಿಟಿಕೆ ಬೀಜವನ್ನು ಅವನಿಂದ ಇಸಿದುಕೊಂಡು ಬಂದು, ನಿಮ್ಮ ಐಸ್‌ಕ್ರೀಮ್ ಡಬ್ಬಗಳಲ್ಲಿ ಮಣ್ಣು ತುಂಬಿ, ಟೆರೇಸಿನ ಮೇಲೆ ನಾವು ಮೂವರೂ ಬಿತ್ತಿದೆವಲ್ಲ? ಹನ್ನೆರಡು ಮೊಳೆತವು.

ಮೊನ್ನೆ ಭಾನುವಾರ ಬೆಳಿಗ್ಗೆ ನೀವಿಬ್ಬರೂ ತುದಿಗಾಲಿನಲ್ಲಿ ಬಂದು ನನ್ನ ಸೆರಗು ಎಳೆದಿರಿ. "ಅಜ್ಜೀ, ಶ್! ಬಂದಿದೆ, ಬಂದಿದೆ!" ಎಂದು ಪಿಸುಗುಟ್ಟಿದಿರಿ. ಬಾಗಿಲ ಸಂದಿಯಿಂದ ಇಣುಕಿದೆ. ಡಬ್ಬದ ಅಂಚಿನ ಮೇಲೆ ಒಂದು ಗುಬ್ಬಿ. ನೋಡನೋಡುತ್ತಲೇ ಒಂದು ಬದನೆ ಸಸಿಯನ್ನು ಚಿವುಟಿತು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಚಟ್ಟನೆ ಚಪ್ಪಾಳೆ ಹೊಡೆದು "ಹೋಯ್!" ಎಂದು ಕೂಗಿಬಿಟ್ಟೆ. ಗುಬ್ಬಿ ಹಾರಿಹೋಯಿತು. ನೀವಿಬ್ಬರೂ ನನ್ನನ್ನು ನೋಡಿದ ನೋಟ! "ಅಲ್ಲ ಕಣೋ, ಸಸಿ ತಿಂತಿತ್ತು" ಎಂದೆ. ಆಗ ನಿಮ್ಮಲ್ಲಿ ಚಿಕ್ಕವಳು ಕಣ್ಣು ತುಂಬಿಕೊಂಡು ಹೇಳಿದಳು: "ಸಸಿ ಇನ್ನೂ ಹನ್ನೊಂದಿದೆ ಅಜ್ಜಿ. ಗುಬ್ಬಿ ಬಂದಿದ್ದು ಒಂದೇ."

ಅವತ್ತಿನಿಂದ ದಿನಾ ಬೆಳಿಗ್ಗೆ ಶಾಲೆಯ ಬಸ್ಸು ಬರುವವರೆಗೂ ನಾವು ಮೂವರೂ ಟೆರೇಸಿನ ಬಾಗಿಲ ಹಿಂದೆ ಉಸಿರು ಬಿಗಿ ಹಿಡಿದು ಕೂರುತ್ತಿದ್ದೇವೆ, ಅದು ಮತ್ತೆ ಬರಲಿ ಎಂದು. ನಾನು ನಡುವೆ, ನೀವು ಅತ್ತ ಒಬ್ಬರು ಇತ್ತ ಒಬ್ಬರು. ಚಪ್ಪಾಳೆ ಹೊಡೆದುಬಿಟ್ಟಾಳೆಂದು ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೀರಿ.